ಮೀನಿನ ಪಾದರಸದ ಮೂಲ: ಐಸೋಟೋಪು ಎಷ್ಟು ಹೇಳಬಲ್ಲದು?

ಮೀನಿನಲ್ಲಿ ಪಾದರಸ ಎಷ್ಟಿದೆ ಎಂದು ಅಳೆಯುವುದು ಇವತ್ತು ದೊಡ್ಡ ಕೆಲಸವಲ್ಲ. ಅದು ಎಲ್ಲಿಂದ ಬಂತು ಎಂದು ಹೇಳುವುದೇ ಕಷ್ಟ. ಕಲ್ಲಿದ್ದಲಿನ ಹೊಗೆ, ಕಾರ್ಖಾನೆಯ ಕೊಳಚೆ, ಕಾಡಿನ ಮಣ್ಣು, ಜ್ವಾಲಾಮುಖಿ ಎಲ್ಲದರಿಂದಲೂ ಬರುವುದು ಪಾದರಸವೇ. ಸ್ಥಿರ ಐಸೋಟೋಪುಗಳ ವಿಧಾನ ಈ ಕಗ್ಗಂಟು ಬಿಡಿಸುತ್ತದೆ ಎಂಬ ಭರವಸೆ ಸುಮಾರು ಎರಡು ದಶಕಗಳಿಂದ ಕೇಳಿಬರುತ್ತಿದೆ. ಆ ಭರವಸೆಯಲ್ಲಿ ಎಷ್ಟು ಗಟ್ಟಿ, ಎಷ್ಟು ಜೊಳ್ಳು ಎಂದು ಶರಾವತಿ ಕಣಿವೆಯವರು ತಿಳಿದಿರಬೇಕು.

ಪಾದರಸಕ್ಕೆ ದ್ರವ್ಯರಾಶಿ ಸಂಖ್ಯೆ 196ರಿಂದ 204ರವರೆಗೆ ಏಳು ಸ್ಥಿರ ಐಸೋಟೋಪುಗಳಿವೆ, ಅಂದರೆ ತೂಕದಲ್ಲಷ್ಟೇ ಬೇರೆಯಾದ ಪರಮಾಣುಗಳು. ಪ್ರತಿ ರಾಸಾಯನಿಕ ಕ್ರಿಯೆಯಲ್ಲೂ ಇವುಗಳ ಅನುಪಾತ ಕೂದಲೆಳೆಯಷ್ಟು ಬದಲಾಗುತ್ತದೆ, ಸಾಮಾನ್ಯವಾಗಿ ತೂಕಕ್ಕೆ ತಕ್ಕಂತೆ. ಬಿಸಿಲಿಗೆ ಸಿಕ್ಕಾಗ ಮಾತ್ರ 199 ಮತ್ತು 201 ಈ ನಿಯಮಕ್ಕೆ ಒಗ್ಗುವುದಿಲ್ಲ. ಇದನ್ನು ವಿಜ್ಞಾನಿಗಳಾದ ಬರ್ಗ್‌ಕ್ವಿಸ್ಟ್ ಮತ್ತು ಬ್ಲಮ್ 2007ರಲ್ಲಿ ತೋರಿಸಿಕೊಟ್ಟರು. ನೀರಿನಲ್ಲಿರುವ ಮೀಥೈಲ್ ಪಾದರಸವನ್ನು, ಅಂದರೆ ಮೀನಿನ ಮೈ ಸೇರುವ ವಿಷಕಾರಿ ರೂಪವನ್ನು, ಬಿಸಿಲು ಒಡೆದಾಗ ಉಳಿದ ಭಾಗದಲ್ಲಿ ಈ ಎರಡರ ಪಾಲು ಏರುತ್ತದೆ. ಎರಡರ ಏರಿಕೆಯ ಅನುಪಾತ 1.36ರ ಆಸುಪಾಸಿನಲ್ಲಿದ್ದರೆ ಒಡೆದದ್ದು ಮೀಥೈಲ್ ಪಾದರಸ, 1ರ ಹತ್ತಿರವಿದ್ದರೆ ಅಜೈವಿಕ ಪಾದರಸ. ಸಣ್ಣ ಮೀನನ್ನು ದೊಡ್ಡ ಮೀನು ತಿಂದರೂ ಈ ಗುರುತು ಅಳಿಸುವುದಿಲ್ಲ. ಈ ವಿಧಾನದ ನಿಜವಾದ ಬಲ ಇರುವುದು ಇಲ್ಲೇ. ಆಹಾರ ಜಾಲಕ್ಕೆ ಸೇರುವ ಮೊದಲು ಪಾದರಸ ಎಷ್ಟು ಬಿಸಿಲು ಕಂಡಿತ್ತು ಎಂಬುದನ್ನು ಬೇಟೆಗಾರ ಮೀನಿನ ಒಂದು ತುಣುಕು ಮಾಂಸ ಹೇಳುತ್ತದೆ.

2013ರಲ್ಲಿ ಬ್ಲಮ್ ತಂಡ ಹವಾಯಿ ಸುತ್ತಲಿನ ಮೀನುಗಳನ್ನು ಹೀಗೆ ಪರೀಕ್ಷಿಸಿತು. ಮೇಲ್ನೀರಿನ ಮೀನುಗಳಲ್ಲಿ ಬಿಸಿಲಿನ ಗುರುತು ಗಾಢ, ಆಳದವುಗಳಲ್ಲಿ ಕ್ಷೀಣ. ಅಂದರೆ ಮೀಥೈಲ್ ಪಾದರಸದ ದೊಡ್ಡ ಪಾಲು ಹುಟ್ಟುತ್ತಿರುವುದು ಬೆಳಕು ಮಸುಕಾದ, ಆಮ್ಲಜನಕ ಕಡಿಮೆಯಾದ ಪದರದಲ್ಲಿ. ಅದ್ಭುತ ಕೆಲಸ. ಆದರೆ ಏಷ್ಯಾದ ಕಲ್ಲಿದ್ದಲ ಹೊಗೆಗೂ ಆ ಮೀನಿಗೂ ನಂಟು ಗಟ್ಟಿಯಾಯಿತು ಎಂಬ ಮಾತೂ ಅದರ ಜೊತೆಗೇ ಹರಡಿತು. ನನ್ನ ತಕರಾರು ಇದಕ್ಕೇ. ಐಸೋಟೋಪು ತೋರಿಸಿದ್ದು ಪಾದರಸ ರೂಪ ಬದಲಿಸಿದ ಆಳವನ್ನು. ಯಾವ ಚಿಮಣಿಯಿಂದ ಹೊರಟಿತು ಎಂಬುದು ಗಾಳಿಯ ಚಲನೆಯಿಂದ ಮಾಡಿದ ಊಹೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಾರದು.

ಈಗ ನಮ್ಮ ಕಣಿವೆಗೆ ಬರೋಣ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ದಾಟಿ, ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಅಣೆಕಟ್ಟೆಯಲ್ಲಿ ತಡೆದು ನಿಂತು, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ. 1964ರ ಆ ಅಣೆಕಟ್ಟೆಗೆ ಸುಮಾರು 300 ಚದರ ಕಿಲೋಮೀಟರಿನಷ್ಟು ಕಾಡು, ಗದ್ದೆ, ತೋಟ, ಊರುಗಳು ಮುಳುಗಿದವು. ಮುಳುಗಡೆಯ ಕಥೆಯನ್ನು ನಾವು ಮನೆ, ಜಮೀನುಗಳ ಲೆಕ್ಕದಲ್ಲಿ ಹೇಳುತ್ತ ಬಂದಿದ್ದೇವೆ. ಮುಳುಗಿದ ಕಾಡಿನ ಮಣ್ಣಿಗೂ ಒಂದು ಲೆಕ್ಕವಿದೆ. ಗಾಳಿಯಲ್ಲಿರುವ ಪಾದರಸದ ಆವಿಯನ್ನು ಎಲೆಗಳು ಹೀರುತ್ತವೆ. ದರಗಾಗಿ ಉದುರಿದಾಗ ಅದು ಮಣ್ಣು ಸೇರುತ್ತದೆ. ಆ ಮಣ್ಣು ಮುಳುಗಿ ಆಮ್ಲಜನಕ ಮುಗಿದರೆ ಬ್ಯಾಕ್ಟೀರಿಯಗಳು ಅದನ್ನು ಮೀಥೈಲ್ ಪಾದರಸ ಮಾಡುತ್ತವೆ. ಕೆನಡಾದ ಕ್ವಿಬೆಕ್‌ನ ಲಾ ಗ್ರಾಂಡ್ ಜಲಾಶಯಗಳಲ್ಲಿ ಹೀಗೇ ಆಗಿ ಮೀನಿನ ಪಾದರಸ ಹಲವು ಪಟ್ಟು ಏರಿತು. ಬೇಟೆಗಾರ ಮೀನುಗಳಲ್ಲಿ ಅದು ಇಳಿಯಲು 20–30 ವರ್ಷ ಹಿಡಿಯಿತು.

ಆ ಲೆಕ್ಕವನ್ನು ಹಾಗೇ ಲಿಂಗನಮಕ್ಕಿಗೆ ಹೊಂದಿಸಲು ಬರುವುದಿಲ್ಲ. ಏಪ್ರಿಲ್–ಮೇನಲ್ಲಿ ಹಿನ್ನೀರು ಇಳಿದಾಗ ಕಪ್ಪು ಬೊಡ್ಡೆಗಳು ಮೇಲೇಳುತ್ತವೆ. ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೆ ಕಾಣುತ್ತದೆ. ಬಿರುಕುಬಿಟ್ಟ ಕೆಸರಿನ ಮೇಲೆ ಹುಲ್ಲು ಚಿಗುರುತ್ತದೆ, ದನ ಮೇಯುತ್ತವೆ. ಮಳೆಗಾಲದಲ್ಲಿ ಅದೆಲ್ಲ ಮತ್ತೆ ನೀರೊಳಗೆ. ಹೀಗೆ ಒಣಗಿ ನೆನೆಯುವ ದಂಡೆಗಳಲ್ಲಿ ಮೀಥೈಲ್ ಪಾದರಸ ಹೆಚ್ಚು ಹುಟ್ಟುವುದನ್ನು ಬೇರೆ ಜಲಾಶಯಗಳಲ್ಲಿ ಕಂಡಿದ್ದಾರೆ.

ಐಸೋಟೋಪು ವಿಧಾನಕ್ಕೆ ಇಂಥ ಕಣಿವೆ ಹೇಳಿ ಮಾಡಿಸಿದ ಜಾಗ. ಎಲೆ ಹೀರಿದ ಪಾದರಸದಲ್ಲಿ ಬೆಸ ಸಂಖ್ಯೆಯ ಐಸೋಟೋಪುಗಳು ಕಡಿಮೆ, ಮಳೆಯಲ್ಲಿ ಇಳಿದದ್ದರಲ್ಲಿ ಹೆಚ್ಚು. ಘಟ್ಟದ ಮಳೆ ತಂದದ್ದು ಎಷ್ಟು, ಕಾಡಿನ ದರಗು ಕೊಟ್ಟದ್ದು ಎಷ್ಟು ಎಂದು ಕೇಳಬಹುದು. ಕರಾವಳಿಯಲ್ಲಿ ಮೂರನೆಯ ಮೂಲವೂ ಸೇರುತ್ತದೆ. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಸುತ್ತಲಿನ ಪಾದರಸದ ಬಗ್ಗೆ ಕೃಷ್ಣಕುಮಾರ್ ಮತ್ತು ಪಿಳ್ಳೈ 1990ರಲ್ಲೇ ಬರೆದಿದ್ದರು. ಇಂಥ ಕೈಗಾರಿಕಾ ಪಾದರಸದಲ್ಲಿ ಬೆಸ ಐಸೋಟೋಪುಗಳ ಏರಿಳಿತ ಸೊನ್ನೆಯ ಆಸುಪಾಸು.

ತೊಡಕು ಇರುವುದು ಮುಂದೆ. ಮೂರೂ ಮೂಲಗಳು ಬೆರೆತ ಮೇಲೆ ಬ್ಯಾಕ್ಟೀರಿಯ ಒಂದು ಬದಲಾವಣೆ ಮಾಡುತ್ತದೆ, ಬಿಸಿಲು ಇನ್ನೊಂದು. ಮೀನಿನಲ್ಲಿ ಸಿಗುವುದು ಎಲ್ಲದರ ಮೊತ್ತ. ಕೆಸರು, ನೀರು, ದರಗು, ಮಳೆ ಎಲ್ಲವನ್ನೂ ಸ್ಥಳದಲ್ಲೇ ಅಳೆಯದೆ ಬರಿಯ ಮೀನಿನಿಂದ ‘ಇಂತಿಷ್ಟು ಶೇಕಡಾ ಇಲ್ಲಿಂದ’ ಎನ್ನುವ ಪ್ರಬಂಧವನ್ನು ನಾನು ನಂಬುವುದಿಲ್ಲ.

ನಾನು ಮನಸಾರೆ ಮೆಚ್ಚುವ ಪ್ರಯೋಗ ಒಂಟಾರಿಯೊದ 658ನೇ ಸರೋವರದ್ದು. ಅಲ್ಲಿ 2001ರಿಂದ ಏಳು ವರ್ಷ ನೀರಿಗೆ ಒಂದು, ಸುತ್ತಲಿನ ಕಾಡಿಗೆ ಒಂದು, ಜೌಗಿಗೆ ಒಂದು, ಹೀಗೆ ಬೇರೆಬೇರೆ ಐಸೋಟೋಪುಗಳನ್ನು ಹಾಕಿದರು. ಮೀನಿನಲ್ಲಿ ಬೇಗ ಕಂಡದ್ದು ನೇರ ನೀರಿಗೆ ಬಿದ್ದ ಪಾದರಸ. ಕಾಡಿಗೆ ಹಾಕಿದ್ದು ಮಣ್ಣಿನಲ್ಲೇ ಉಳಿಯಿತು. ಹಾಕುವುದು ನಿಂತ ಮೇಲೆ ಮೀನಿನಲ್ಲೂ ಆ ಪಾದರಸ ಇಳಿಯಿತು ಎಂದು 2021ರಲ್ಲಿ ಪ್ರಕಟವಾಯಿತು. ಇಲ್ಲಿ ಯಾವ ಪಾದರಸ ಎಲ್ಲಿಯದು ಎಂಬ ಅನುಮಾನಕ್ಕೆ ಎಡೆಯಿಲ್ಲ. ನಿಸರ್ಗದ ಗುರುತನ್ನು ಓದುವ ವಿಧಾನಕ್ಕೆ ಈ ಖಚಿತತೆ ಇನ್ನೂ ಬಂದಿಲ್ಲ.

ಹಾಗೆಂದು ಅದನ್ನು ಕೈಬಿಡಬೇಕಿಲ್ಲ, ಸರದಿಯಲ್ಲಿ ಎರಡನೆಯದಾಗಿ ಇಡಬೇಕು. ದುಬಾರಿ ಯಂತ್ರಕ್ಕೆ ಕಾಯದೆ ಕುವೆಂಪು ವಿಶ್ವವಿದ್ಯಾಲಯದಂಥ ಹತ್ತಿರದ ಸಂಸ್ಥೆಗಳು ಹಿನ್ನೀರಿನ ಬಾಳೆಮೀನನ್ನು ವರ್ಷವರ್ಷವೂ ತೂಗಿ, ಒಟ್ಟು ಪಾದರಸ ಅಳೆದು, ಒಂದು ತುಣುಕನ್ನು ಶೈತ್ಯದಲ್ಲಿ ಕಾದಿಡಲಿ. ಅದೇ ಮಳೆ, ಅದೇ ಕಾಡು ಇದ್ದೂ ಹರಿಯುತ್ತಲೇ ಇರುವ ತೀರ್ಥಹಳ್ಳಿಯ ತುಂಗೆಯ ಮೀನನ್ನು ಅದರ ಪಕ್ಕದಲ್ಲಿಡಲಿ. ಅಷ್ಟು ಸಾಮಗ್ರಿಯ ಜೊತೆಗೆ ಸ್ಥಳದ ಕೆಸರು, ನೀರು, ದರಗು, ಮಳೆಯನ್ನೂ ಅಳೆದರೆ ಐಸೋಟೋಪಿನ ಪ್ರಶ್ನೆಗೂ ಉತ್ತರ ಸಿಗುತ್ತದೆ. ಅಲ್ಲಿಯವರೆಗೆ, ಘಟ್ಟ ಹತ್ತಿ ಬರುವ ಕಡಲ ಮೀನು ಕೊಳ್ಳುವವರು ಭೂತಾಯಿ, ಬಂಗಡೆಯಂಥ ಸಣ್ಣ ಮೀನುಗಳನ್ನು ಧೈರ್ಯವಾಗಿ ತಿನ್ನಿ. ಗರ್ಭಿಣಿಯರು ಮಾತ್ರ ಶಾರ್ಕ್‌ನಂಥ ದೊಡ್ಡ ಬೇಟೆಗಾರ ಮೀನುಗಳನ್ನು ದೂರವಿಡಿ.