ಜಗಲಿಗೆ ಹೊಂದುವ ಹಂಚು

ಮಂಗಳೂರಿನ ಹಳೆಯ ಮನೆಯೊಂದರ ಜಗಲಿಯಲ್ಲಿ ಒಡೆದ ನೆಲದ ಹಂಚು ಬದಲಿಸುವುದನ್ನು ನಿಂತು ನೋಡಬೇಕು. ಪಳಗಿದ ಮೇಸ್ತ್ರಿ ಮೊದಲು ಉಳಿಗೆ ಕೈಹಾಕುವುದಿಲ್ಲ. ಹೊಸ ಹಂಚನ್ನು ಹಳೆಯದರ ಪಕ್ಕ ಇಟ್ಟು, ಎರಡಕ್ಕೂ ನೀರು ಚಿಮುಕಿಸಿ ಬಣ್ಣ ನೋಡುತ್ತಾನೆ. ಆ ಕೆಂಪು ಬಳಿದದ್ದಲ್ಲ, ಜೇಡಿಮಣ್ಣಿನ ಕಬ್ಬಿಣದ ಅಂಶ ಬೆಂಕಿಯಲ್ಲಿ ಬೆಂದು ಬಂದದ್ದು. ಒಂದೇ ಗೂಡಿನಲ್ಲಿ ಸುಟ್ಟವುಗಳೂ ಒಂದೇ ಬಣ್ಣಕ್ಕೆ ಬರುವುದಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಯೇ ಊರಿನ ಮಾಡೂ ಆಯಿತು, ನೆಲವೂ ಆಯಿತು.

ಬಣ್ಣ ತುಸು ಬೇರೆಯಾದರೂ ನಡೆದೀತು, ನಾಲ್ಕು ಮಳೆಗಾಲ ತುಳಿದರೆ ಹೊಂದಿಕೊಳ್ಳುತ್ತದೆ. ದಪ್ಪ ಮಾತ್ರ ಒಂದು ನೂಲು ಹೆಚ್ಚಾದರೂ ಬರಿಗಾಲಿಗೆ ತಾಗುತ್ತದೆ. ಅದಕ್ಕೇ ಕೆಡವಿದ ಮನೆಗಳ ಹಂಚು ಹುಡುಕುವುದು ಜಾಣತನ. ಕೂರಿಸಲು ಸುಣ್ಣ–ಮರಳಿನ ಗಾರೆ ಸಾಕು. ಸಿಮೆಂಟು ಬೇಡವೇ ಬೇಡ: ಅದು ಹಂಚಿಗಿಂತ ಗಟ್ಟಿ, ನೆಲದ ತೇವ ಸಂದಿಯಲ್ಲಿ ಆರಲು ಬಿಡುವುದಿಲ್ಲ, ಮುಂದೆ ಒಂದನ್ನು ಎಬ್ಬಿಸಹೋದರೆ ಪಕ್ಕದ ನಾಲ್ಕು ಒಡೆಯುತ್ತವೆ. ನಮ್ಮ ಜಗಲಿಯಲ್ಲೂ ಅಂಥದೊಂದು ಬೂದುಬಣ್ಣದ ತೇಪೆ ಇದೆ. ಅದರ ಮೇಲೆ ಚಾಪೆ ಹಾಸಿದ್ದೇವೆ.