ಸಹೃದಯತೆಯ ಕೊರತೆ ಯಾರದು?

ಕಾವ್ಯಾರ್ಥವು ಕವಿಯೊಬ್ಬನಿಂದಲೇ ಸಿದ್ಧಿಸತಕ್ಕದ್ದಲ್ಲ, ಅದನ್ನು ಗ್ರಹಿಸುವ ಸಹೃದಯನೂ ಅದರಲ್ಲಿ ಸಮಭಾಗಿ ಎಂಬುದು ಭಾರತೀಯ ಆಲಂಕಾರಿಕರು ಬಹುಕಾಲ ವಿಚಾರಮಾಡಿ ನಿಲ್ಲಿಸಿದ ಮತ. ಆದುದರಿಂದ ಪದ್ಯವೊಂದು ಅರ್ಥವಾಗದಿದ್ದಲ್ಲಿ ದೋಷವು ಪದ್ಯದ್ದೋ ಓದುವವನದೋ ಎಂದು ಕೇಳುವುದಕ್ಕೆ ಎಡೆಯುಂಟು. ಪದ್ಯಕ್ಕೆ ಸಲ್ಲುವ ಈ ಮರ್ಯಾದೆಯು ಮನುಷ್ಯರಿಗೆ ಎಲ್ಲ ಕಾಲದಲ್ಲಿಯೂ ಸಂದಿಲ್ಲ. ಆಟಿಸಂ ಉಳ್ಳವರೆಂದು ವೈದ್ಯರು ಹೆಸರಿಟ್ಟ ಮಕ್ಕಳನ್ನು ಕುರಿತು ಎಂಟು ದಶಕಗಳಿಂದ ಬೆಳೆದಿರುವ ಶಾಸ್ತ್ರಗದ್ಯವೇ ಇದಕ್ಕೆ ಸಾಕ್ಷಿ. ಆಶ್ಚರ್ಯವೇನೆಂದರೆ, ಆ ಗದ್ಯದ ಆರಂಭದಲ್ಲಿಯೇ ಒಬ್ಬ ಒಳ್ಳೆಯ ಓದುಗನಿದ್ದನು. ಅವನ ಓದನ್ನು ಮುಂದಿನವರು ಮಾತ್ರವಲ್ಲ, ಅವನೇ ಮರೆತನು.

ಆ ಓದುಗನು ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯನಾಗಿದ್ದ ಲಿಯೋ ಕ್ಯಾನರ್. 1943ರಲ್ಲಿ ಅವನು ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ, ಅವರ ಸ್ಥಿತಿಗೆ ಸ್ವಿಸ್ ವೈದ್ಯ ಬ್ಲಾಯ್ಲರನು ಬೇರೊಂದು ವ್ಯಾಧಿಯ ಸಂಬಂಧವಾಗಿ ಟಂಕಿಸಿದ್ದ ಪದವೊಂದನ್ನು ಎರವು ತಂದನು. ಕನ್ನಡದಲ್ಲಿ ಅದಕ್ಕೆ ಸ್ವಲೀನತೆ ಎಂಬ ಶಬ್ದವನ್ನು ಬಳಸುವುದುಂಟು. ಯೋಗಿಯ ವಿಷಯದಲ್ಲಿ ಆಡಿದರೆ ಸ್ತುತಿಯಾಗುವ ಮಾತು ಮಗುವಿನ ವಿಷಯದಲ್ಲಿ ರೋಗನಾಮವಾಗಿರುವುದು ಸೋಜಿಗವೇ ಸರಿ. ಮಗು ತನ್ನಲ್ಲಿಯೇ ಲೀನವಾಗಿದೆ ಎಂದು ಹೊರಗೆ ನಿಂತವನು ತಿಳಿಯುವುದೆಂತು? ತನ್ನೊಡನೆ ಅದು ಬೆರೆಯಲಿಲ್ಲ ಎಂಬಷ್ಟನ್ನೇ ಅವನು ಬಲ್ಲನು. ಹೀಗೆ ಹೆಸರೇ ಒಂದು ತೀರ್ಪನ್ನು ಗರ್ಭದಲ್ಲಿಟ್ಟುಕೊಂಡು ಹುಟ್ಟಿತು.

ಕ್ಯಾನರನ ಕೃತಿಗಳಲ್ಲಿ ವಿಮರ್ಶಕನು ವಿಶೇಷವಾಗಿ ನೋಡತಕ್ಕದ್ದು 1946ರ ಒಂದು ಚಿಕ್ಕ ಪ್ರಬಂಧ. ಈ ಮಕ್ಕಳ ಅಸಂಬದ್ಧವೆನಿಸುವ ಮಾತೂ ಅವುಗಳ ರೂಪಕಗಳೂ ಅದರ ವಿಷಯ. ಪಾಲ್ ಎಂಬ ಹುಡುಗನು ಚಿಕಿತ್ಸಾಲಯದಲ್ಲಿದ್ದಾಗ, ನಾಯಿಯನ್ನು ಮೊಗಸಾಲೆಯಿಂದ ಕೆಳಗೆ ಎಸೆಯಬೇಡವೆಂದು ತನ್ನಷ್ಟಕ್ಕೆ ತಾನೇ ಹೇಳಿಕೊಂಡನು. ಅಲ್ಲಿ ನಾಯಿಯೂ ಇರಲಿಲ್ಲ, ಮೊಗಸಾಲೆಯೂ ಇರಲಿಲ್ಲ. ವಿಚಾರಿಸಿದಲ್ಲಿ ತಿಳಿದುಬಂದ ಸಂಗತಿ ಇದು: ಮೂರು ವರ್ಷದ ಹಿಂದೆ ಲಂಡನ್ನಿನ ಹೋಟೆಲೊಂದರಲ್ಲಿ ಅವನು ಆಟದ ನಾಯಿಯನ್ನು ಮೇಲಿನಿಂದ ಎಸೆದಿದ್ದನು, ಅದನ್ನು ತಂದು ತಂದು ಬೇಸತ್ತ ತಾಯಿ ಈ ಮಾತಿನಿಂದ ಗದರಿದ್ದಳು. ಅಂದಿನಿಂದ ಏನನ್ನಾದರೂ ಎಸೆಯಬೇಕೆಂಬ ಆಸೆ ಹುಟ್ಟಿದಾಗಲೆಲ್ಲ ಆ ಹುಡುಗನು ತಾಯಿಯ ಮಾತನ್ನೇ ನುಡಿದು ತನ್ನ ಕೈಯನ್ನು ತಾನೇ ತಡೆದುಕೊಳ್ಳುತ್ತಿದ್ದನು. ಹುಚ್ಚುಮಾತಾಗಿ ಕೇಳಿಸಿದ್ದು ಆತ್ಮಸಂಯಮದ ಸೂತ್ರವಾಗಿತ್ತು! ನಾಲ್ಕು ವರ್ಷವೂ ತುಂಬದ ಜೇ ಎಂಬ ಇನ್ನೊಬ್ಬ ಹುಡುಗನ ಪ್ರಸಂಗ ಇದಕ್ಕಿಂತ ಸ್ವಾರಸ್ಯವಾದದ್ದು. ಅವನು ಹೇಳಿದ್ದು ನಿಜವೇ ಎಂದು ತಂದೆತಾಯಿಗಳು ಸಂದೇಹಪಟ್ಟರೆ ಅವನು ತನ್ನನ್ನು ಬ್ಲಮ್ ಎಂದು ಕರೆದುಕೊಳ್ಳುವನು. ಇದರ ಮರ್ಮ ಯಾರಿಗೂ ಹೊಳೆಯಲಿಲ್ಲ. ಒಂದು ದಿನ ಹುಡುಗನೇ ವೃತ್ತಪತ್ರಿಕೆಯಲ್ಲಿ ಮರದ ಸಾಮಾನಿನ ಅಂಗಡಿಯೊಂದರ ಜಾಹೀರಾತನ್ನು ಬೆರಳಿಟ್ಟು ತೋರಿಸಿದನು. ಬ್ಲಮ್ ಸತ್ಯವನ್ನೇ ನುಡಿಯುವನೆಂಬ ಅರ್ಥದ ಮಾತು ಅದರಲ್ಲಿ ದಪ್ಪಕ್ಷರದಲ್ಲಿತ್ತು. ಸತ್ಯಸಂಧನನ್ನು ಹರಿಶ್ಚಂದ್ರನೆಂದು ಕರೆಯುವ ನಾಡಿನವರಿಗೆ ಈ ಅಲಂಕಾರ ಹೊಸದೇನೂ ಅಲ್ಲ. ಭೇದವಿಷ್ಟೆ: ಹರಿಶ್ಚಂದ್ರನನ್ನು ಊರೆಲ್ಲ ಬಲ್ಲದು, ಬ್ಲಮ್ಮನನ್ನು ಆ ಹುಡುಗನೊಬ್ಬನೇ ಬಲ್ಲನು.

ಕ್ಯಾನರನು ಈ ಭೇದವನ್ನು ಸರಿಯಾಗಿಯೇ ಗುರುತಿಸಿದನು. ಈ ಮಕ್ಕಳ ಅರ್ಥಸಂಕ್ರಮಣವು ಕವಿಗಳದಕ್ಕೆ ಸಮೀಪವಾದುದು. ಆದರೆ ಮಗು ತನ್ನ ಸಂಕೇತಗಳನ್ನು ತಾನೇ ಕಲ್ಪಿಸಿಕೊಳ್ಳುತ್ತದೆ, ಮೂಲಪ್ರಸಂಗವು ಗೊತ್ತಾಗದೆ ಕೇಳುವವನಿಗೆ ಅವು ತೆರೆಯವು ಎಂಬುದು ಅವನ ನಿರ್ಣಯ. ವೈದ್ಯನೊಬ್ಬನು ಇಷ್ಟು ದೂರ ಬಂದದ್ದು ಸಾಮಾನ್ಯವಲ್ಲ. ಇನ್ನೊಂದು ಹೆಜ್ಜೆಯನ್ನು ಮಾತ್ರ ಅವನು ಇಡಲಿಲ್ಲ. ಬೀಗದ ಕೈಯನ್ನು ತಂದುಕೊಟ್ಟವರು ಯಾರು? ಜೇಯ ವಿಷಯದಲ್ಲಿ ಹುಡುಗನೇ ಟೀಕಾಕಾರನಾದನು. ಪಾಲನ ವಿಷಯದಲ್ಲಾದರೋ ವ್ಯಾಖ್ಯಾನವಿದ್ದದ್ದು ಅವನ ಮನೆಯವರ ನೆನಪಿನಲ್ಲಿ. ಹೀಗಿರುವಲ್ಲಿ ಮಾತು ಖಾಸಗಿಯಾಗಿದ್ದುದು ಮಗುವಿನ ಸ್ವಭಾವದಿಂದ ಎಷ್ಟು, ಕೇಳುವವರ ಅಜ್ಞಾನದಿಂದ ಎಷ್ಟು ಎಂದು ಕೇಳಬೇಕಾಗಿತ್ತು.

ಕೇಳುವುದಕ್ಕೆ ಬದಲಾಗಿ ಅವನು ತಾನೇ ಒಂದು ರೂಪಕವನ್ನು ಮಾಡಿದನು. 1949ರ ಲೇಖನದಲ್ಲಿ ಈ ಮಕ್ಕಳ ತಂದೆತಾಯಿಗಳ ನಡತೆಯನ್ನು ಮಂಜು ಕರಗದ ಶೀತಪೆಟ್ಟಿಗೆಗೆ ಹೋಲಿಸಿದನು. ಮಕ್ಕಳ ರೂಪಕಗಳಿಂದ ಯಾರಿಗೂ ಕೇಡಾಗಲಿಲ್ಲ. ವೈದ್ಯನ ರೂಪಕದಿಂದ ಒಂದು ತಲೆಮಾರಿನ ತಾಯಂದಿರು ಅಪರಾಧಿಗಳಾದರು. 1967ರಲ್ಲಿ ಬೆಟಲ್‌ಹೈಮನು ಆ ಆಪಾದನೆಯನ್ನು ದೊಡ್ಡ ಗ್ರಂಥವಾಗಿಯೇ ಬೆಳೆಸಿದನು. 1969ರಲ್ಲಿ ಕ್ಯಾನರನು ತಂದೆತಾಯಿಗಳ ಸಭೆಯಲ್ಲಿ ನಿಂತು ಅವರನ್ನು ನಿರ್ದೋಷಿಗಳೆಂದು ಸಾರಿದನು, ನಿಜ. ಅಷ್ಟರಲ್ಲಿ ಇಪ್ಪತ್ತು ವರ್ಷ ಕಳೆದಿತ್ತು.

ಮುಂದಿನ ಶಾಸ್ತ್ರಕಾರರು ಮಾತಿನಿಂದ ಮನಸ್ಸಿಗೆ ಇಳಿದರು. 1985ರಲ್ಲಿ ಲಂಡನ್ನಿನಲ್ಲಿ ಬ್ಯಾರನ್-ಕೋಹೆನ್, ಲೆಸ್ಲಿ, ಫ್ರಿತ್ ಎಂಬ ಮೂವರು ಎರಡು ಗೊಂಬೆಗಳ ಒಂದು ಸಣ್ಣ ನಾಟಕವನ್ನು ಮಕ್ಕಳಿಗೆ ತೋರಿಸಿದರು. ಒಂದು ಗೊಂಬೆ ಗೋಲಿಯನ್ನಿಟ್ಟು ಹೋಗುತ್ತದೆ; ಇನ್ನೊಂದು ಅದನ್ನು ಬೇರೆಡೆ ಬಚ್ಚಿಡುತ್ತದೆ; ಮೊದಲನೆಯದು ಮರಳಿ ಬಂದು ಎಲ್ಲಿ ಹುಡುಕುವುದು ಎಂಬುದು ಪ್ರಶ್ನೆ. ಆಟಿಸಂ ಉಳ್ಳ 20 ಮಕ್ಕಳಲ್ಲಿ 16 ಮಂದಿ ತಪ್ಪು ಹೇಳಿದರು, 4 ಮಂದಿ ಸರಿಯಾಗಿ ಹೇಳಿದರು. ಪ್ರಯೋಗ ಜಾಣತನದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವರಿಗೆ ಪರಚಿತ್ತಜ್ಞಾನವಿಲ್ಲವೆಂಬ ವಾಕ್ಯವು ಪಠ್ಯಪುಸ್ತಕಗಳಿಗೆ ಹತ್ತಿದ ಮೇಲೆ ಆ ನಾಲ್ವರನ್ನು ನೆನೆದವರು ಕಡಮೆ. ಪ್ರಯೋಗಮಾಡುವವನ ಚಿತ್ತಜ್ಞಾನವನ್ನು ಪರೀಕ್ಷಿಸಬೇಕೆಂದು ಆಗ ಯಾರಿಗೂ ತೋರಲಿಲ್ಲ.

ಅದು ತೋರಿದ್ದು ವಿವರಣೆಗೆ ಗುರಿಯಾಗಿದ್ದವರಿಗೇ. ತಾನೂ ಆಟಿಸಂ ಉಳ್ಳ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಬರೆದ ಲೇಖನದ ತಾತ್ಪರ್ಯವೇನೆಂದರೆ, ಲೋಕವನ್ನು ಬೇರೆ ಬೇರೆ ಬಗೆಯಲ್ಲಿ ಅನುಭವಿಸುವ ಇಬ್ಬರಲ್ಲಿ ಪರಸ್ಪರ ಅರ್ಥವಾಗದಿರುವುದು ಇಬ್ಬರಿಗೂ ಸೇರಿದ ಕಷ್ಟ. ಅದನ್ನು ಒಬ್ಬನ ತಲೆಯಲ್ಲಿಟ್ಟು ರೋಗವೆನ್ನುವುದು ಅನ್ಯಾಯ. 2020ರಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ಮೊದಲಾದವರು ಎಂಟೆಂಟು ಜನರ ಸಾಲುಗಳನ್ನು ಮಾಡಿ, ಒಬ್ಬರಿಂದೊಬ್ಬರಿಗೆ ಕಥೆಯನ್ನು ದಾಟಿಸಿ ನೋಡಿದರು. ಆಟಿಸಂ ಉಳ್ಳವರ ಸಾಲಿನಲ್ಲಿ ಕಥೆ ಇತರರ ಸಾಲಿನಲ್ಲಿ ಉಳಿದಷ್ಟೇ ಉಳಿಯಿತು. ಎರಡೂ ಬೆರೆತ ಸಾಲಿನಲ್ಲಿ ಬೇಗ ಸವೆಯಿತು. ಹೆಚ್ಚು ಜನರೊಡನೆ ನಡೆಸಿ 2025ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೆರೆತ ಸಾಲಿನ ಆ ನಷ್ಟ ಕಾಣಲಿಲ್ಲ. ಮಿಲ್ಟನ್ನನ ಪಕ್ಷದವರು ಈ ಎರಡನೆಯದನ್ನು ಮುಚ್ಚಿಡಬಾರದು. ಆದರೂ ಈ ಜನಕ್ಕೆ ಮಾತಿನ ವಿನಿಮಯವೇ ಬಾರದೆಂಬ ಹಳೆಯ ಮತಕ್ಕೆ ಎರಡು ಪ್ರಯೋಗಗಳಲ್ಲಿಯೂ ಆಧಾರ ದೊರೆಯಲಿಲ್ಲ.

ಸಾಹಿತ್ಯದೃಷ್ಟಿಯಿಂದ ನೋಡುವುದಾದರೆ ಈ ಪ್ರತಿವಾದದ ಅತ್ಯುತ್ತಮ ಗದ್ಯವು ಮಿಲ್ಟನ್ನನದಲ್ಲ. ಜಿಮ್ ಸಿಂಕ್ಲೇರ್ ಅವರು 1993ರಲ್ಲಿ ಟೊರಾಂಟೊ ಸಮ್ಮೇಳನದಲ್ಲಿ ತಂದೆತಾಯಿಗಳನ್ನುದ್ದೇಶಿಸಿ ಮಾಡಿದ ಭಾಷಣ, ಬಳಿಕ ಲೇಖನವಾಗಿ ಅಚ್ಚಾದದ್ದು. ತಮಗಾಗಿ ಶೋಕಿಸಬೇಡಿರೆಂದು ಅದರ ಬೇಡಿಕೆ. ಕಾದುಕೊಂಡಿದ್ದ ಮಗು ಬರಲಿಲ್ಲವೆಂಬ ದುಃಖ ಸಹಜವೆಂದು ಒಪ್ಪಿ, ಆ ದುಃಖವನ್ನು ಬಂದಿರುವ ಮಗುವಿನ ತಲೆಗೆ ಕಟ್ಟಬಾರದೆಂದು ಲೇಖಕರು ವಾದಿಸುತ್ತಾರೆ. ಆಟಿಸಂ ಎಂಬುದು ಮಗುವನ್ನು ಸೆರೆಯಲ್ಲಿಟ್ಟ ಚಿಪ್ಪಲ್ಲ, ಅದನ್ನು ಒಡೆದರೆ ಒಳಗಿನಿಂದ ಬೇರೊಂದು ಮಗು ಹೊರಡುವುದಿಲ್ಲ ಎಂಬ ಭಾಗದಲ್ಲಿ ಗದ್ಯವು ಕಾಯ್ದ ಕಬ್ಬಿಣದಂತಿದೆ. ಆಕ್ಷೇಪವೂ ಉಂಟು. ಬರೆಯಬಲ್ಲವರು ಬರೆಯಲಾರದವರೆಲ್ಲರ ಪರವಾಗಿ ಇಷ್ಟು ಧೈರ್ಯವಾಗಿ ಮಾತನಾಡಬಹುದೇ? ಹಗಲಿರುಳು ಕಾಯಬೇಕಾದ, ಮೂರ್ಛೆರೋಗವೂ ಸೇರಿಕೊಂಡಿರುವ ಮಗುವಿನ ತಾಯಿಗೆ ನರವೈವಿಧ್ಯವೆಂಬ ಚೆಲುವಾದ ಹೊಸ ಶಬ್ದವು ಒಂದು ರಾತ್ರಿಯ ನಿದ್ದೆಯನ್ನೂ ತಂದುಕೊಡದು. ಸಿಂಕ್ಲೇರ್ ಅವರ ಲೇಖನದಲ್ಲಿ ಈ ತಾಯಿಯ ದುಃಖಕ್ಕೆ ಸ್ಥಳವುಂಟು, ಅವಳ ದಣಿವಿಗೆ ಸಾಲದು.

ಇದು ಕೇವಲ ಗ್ರಂಥಸ್ಥವಾದ ವಿವಾದವಲ್ಲ. 1960ರ ದಶಕದಲ್ಲಿ ಲಾಸ್ ಏಂಜಲೀಸಿನ ಲೋವಾಸ್‌ನು ಇಂಥ ಮಕ್ಕಳನ್ನು ತಿದ್ದುವುದಕ್ಕೆ ಕಪಾಳದ ಏಟನ್ನೂ ವಿದ್ಯುದಾಘಾತವನ್ನೂ ಪ್ರಯೋಗಿಸಿದನು. ಪಾಲನು ತಾಯಿಯ ಗದರಿಕೆಯನ್ನು ಜಪಮಾಡಿ ತಾನೇ ಸಾಧಿಸಿಕೊಂಡ ಸಂಯಮವನ್ನು ಇಲ್ಲಿ ಹೊರಗಿನ ನೋವಿನಿಂದ ಕಲಿಸಲು ಹೊರಟರು. ಉದ್ಯೋಗದ ಮಾತಿಗೆ ಬಂದರೆ 2017ರಲ್ಲಿ ಸ್ಯಾಸನ್ ಮೊದಲಾದವರು ಪ್ರಕಟಿಸಿದ ಫಲಿತವು ಸಾಹಿತ್ಯಾಭಿಮಾನಿಗಳು ಗಮನಿಸತಕ್ಕದ್ದು. ಆಟಿಸಂ ಉಳ್ಳವರ ಕೆಲವು ಕ್ಷಣಗಳ ಚಲಚ್ಚಿತ್ರವನ್ನು ನೋಡಿದವರು, ಧ್ವನಿಯನ್ನು ಕೇಳಿದವರು, ಇವರ ಸಹವಾಸ ಬೇಡವೆಂಬ ಕಡೆಗೆ ಒಲಿದರು. ಅದೇ ಮಾತುಗಳನ್ನು ಬರಿಯ ಬರೆಹವಾಗಿ ಓದಿದವರಲ್ಲಿ ಆ ಹೇವ ಕಾಣಲಿಲ್ಲ. ಎಂದ ಮೇಲೆ ಸಂದರ್ಶನದ ಕೊಠಡಿಯಲ್ಲಿ ಅಳೆಯುವುದು ಕೆಲಸದ ಯೋಗ್ಯತೆಯನ್ನೋ ಕಣ್ಣು ಕೂಡಿಸುವ ಚಾತುರ್ಯವನ್ನೋ? ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಆಟಿಸಮ್ಮನ್ನೂ ಕಲಿಕೆಯ ವಿಶಿಷ್ಟ ತೊಡಕುಗಳನ್ನೂ ತನ್ನ 21 ಬಗೆಗಳಲ್ಲಿ ಸೇರಿಸಿಕೊಂಡು ಸರ್ಕಾರಿ ನೌಕರಿಯಲ್ಲಿ ಪಾಲನ್ನು ಗೊತ್ತುಮಾಡಿದೆ. ಪಾಲು ದೊರೆತರೂ ಸಂದರ್ಶಕನ ಕಣ್ಣು ಹಳೆಯದೇ.

ಕ್ಯಾನರನ 1946ರ ಪ್ರಬಂಧವೂ ಸಿಂಕ್ಲೇರ್ ಅವರ ಲೇಖನವೂ ಒಂದೇ ಸಂಪುಟವಾಗಿ ಕನ್ನಡದಲ್ಲಿ ಬರುವುದು ಅತ್ಯಂತ ಅಪೇಕ್ಷಣೀಯ. ಎರಡೂ ಚಿಕ್ಕವು, ಉಪಾಧ್ಯಾಯರಿಗೆ ಒಂದು ಸಂಜೆಯ ಓದು. ಭಾಷಾಂತರಕಾರರು ಕಾಲಕ್ರಮವನ್ನು ಬಿಟ್ಟು ಸಿಂಕ್ಲೇರ್ ಅವರದನ್ನು ಮೊದಲು ಅಚ್ಚುಮಾಡಿಸಿದರೆ ಲೇಸು. ಬ್ಲಮ್ ಎಂಬ ಹೆಸರನ್ನು ಹರಿಶ್ಚಂದ್ರನೆಂದು ಬದಲಾಯಿಸಬೇಕೆಂಬ ಆಸೆ ಅವರಿಗೆ ಹುಟ್ಟಬಹುದು. ಅದನ್ನು ಮಾತ್ರ ತಡೆದುಕೊಳ್ಳಬೇಕು. ಆ ಹೆಸರು ಜೇಯದು.