ದೂರಪಾಠವೂ ಕಾಲೇಜಿನ ಹೊಣೆಯೂ

2004ರಲ್ಲಿ ಗಗನಕ್ಕೇರಿದ ಎಜುಸ್ಯಾಟ್ ಉಪಗ್ರಹದ ಮೂಲಕ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ತನ್ನ ಕಾಲೇಜುಗಳಿಗೆ ಪಾಠಗಳನ್ನು ಬಿತ್ತರಿಸಿದುದು ಸ್ತುತ್ಯವಾದ ಕಾರ್ಯವೇ ಸರಿ. ಆದರೆ ಅದು ತರಗತಿಯಲ್ಲಿ ಕುಳಿತ ವಿದ್ಯಾರ್ಥಿಗಾಗಿ ಏರ್ಪಟ್ಟುದು. ಕಾಲೇಜು ಬಿಟ್ಟು ದುಡಿಮೆಗಿಳಿದವರಿಗೂ 2017ರಲ್ಲಿ ಆರಂಭವಾದ ‘ಸ್ವಯಂ’ ಬಾಗಿಲು ತೆರೆಯಿತು. ಆದರೂ, ಸೂಪಾ ಅಣೆಕಟ್ಟಿನ ಬಳಿಯ ಗಣೇಶಗುಡಿಯಲ್ಲಿ ನಲವತ್ತು ವರ್ಷದ ನೌಕರನೊಬ್ಬನು ಅಂಥ ಪಾಠವನ್ನು ಕೇಳಿದನೆನ್ನೋಣ. ಅವನಿಗುಂಟಾಗುವ ಸಂದೇಹವನ್ನು ಎದುರು ಕುಳಿತು, ಅವನ ನುಡಿಯಲ್ಲಿಯೇ ಪರಿಹರಿಸುವವರಾರು? ಪಾಠವು ವಿಶ್ವವಿದ್ಯಾಲಯದ್ದಾಗಲಿ, ಪ್ರಶ್ನೆಗೆ ಉತ್ತರಿಸುವ ಹೊಣೆ ದಾಂಡೇಲಿಯಂತಹ ಸಮೀಪದ ಊರಿನ ಕಾಲೇಜಿನದಾಗಬೇಕು. ಆ ಹೊಣೆಯನ್ನು ಅಧ್ಯಾಪಕರ ಕಾರ್ಯಭಾರದಲ್ಲಿ ಗಣಿಸದ ತನಕ, ಆಜೀವ ಶಿಕ್ಷಣಕ್ಕಾಗಿ ಕಾಲೇಜು-ವಿಶ್ವವಿದ್ಯಾಲಯಗಳು ಹೂಡುವ ಸಹಯೋಗವು ಅಪೂರ್ಣವೆಂದೇ ನಮ್ಮ ಅಭಿಪ್ರಾಯ.